ಒಣ ನಾಡಿನ ಊಟದಲ್ಲಿ ಒದ್ದೆ ಜೀವಿಗಳು

ವಿಜಯಪುರದ ಕಡಕ್ ರೊಟ್ಟಿ ಡಬ್ಬಿಯಲ್ಲಿ ತಿಂಗಳುಗಟ್ಟಲೆ ಕೂತರೂ ಕೆಡುವುದಿಲ್ಲ. ಶೇಂಗಾ ಹಿಂಡಿ, ಅಗಸಿ ಹಿಂಡಿ, ಗುರೆಳ್ಳು ಹಿಂಡಿ ಎಂಬ ಚಟ್ನಿಪುಡಿಗಳ ಆಯುಷ್ಯವೂ ಹೆಚ್ಚುಕಡಿಮೆ ಅಷ್ಟೇ. ಪುಣೆಗೋ ಗೋವೆಗೋ ದುಡಿಯಲು ಹೋಗುವವರ ಗಂಟಿನಲ್ಲಿ, ಹಾಸ್ಟೆಲಿಗೆ ಹೊರಟ ಹುಡುಗರ ಚೀಲದಲ್ಲಿ ಇಂದಿಗೂ ಇರುವುದು ಇವೇ. ಫ್ರಿಜ್ಜು ಕಾಣದ ಕಾಲದಲ್ಲಿ, ನಲವತ್ತು ಡಿಗ್ರಿ ದಾಟುವ ಬಿಸಿಲಿನ ಊರಿನಲ್ಲಿ, ಆಹಾರ ಕೆಡದಂತೆ ಕಾಯ್ದದ್ದು ಉಪ್ಪಿಗಿಂತ, ಎಣ್ಣೆಗಿಂತ ಹೆಚ್ಚಾಗಿ ಒಣಗಿಸುವ ವಿದ್ಯೆ. ಹಾಗಿದ್ದೂ ಮದುವೆಯ ಹಂಗಾಮಿನಲ್ಲಿ, ಜಾತ್ರೆಯ ಮರುದಿನ, ಮೊದಲ ಮಳೆ ಬಿದ್ದ ವಾರದಲ್ಲಿ ವಾಂತಿಭೇದಿಯೆಂದು ದವಾಖಾನೆ ಸೇರುವವರು ತಪ್ಪಿಲ್ಲ. ಒಣ ರೊಟ್ಟಿ ಉಣ್ಣುವ ನಾಡಿಗೆ ಈ ಒದ್ದೆ ರೋಗಗಳು ಎಲ್ಲಿಂದ ಬರುತ್ತವೆ?

ಆಹಾರದಿಂದ ಹರಡುವ ಸೂಕ್ಷ್ಮಜೀವಿಗಳ ಪಠ್ಯಪುಸ್ತಕಗಳನ್ನು ಬಹುಪಾಲು ಬರೆದವರು ಮಾಂಸ, ಮೀನು, ಗಿಣ್ಣಗಳ ಮೇಲೆ ಬದುಕುವ ತಂಪು ದೇಶದವರು. ಅವರ ಪಟ್ಟಿ ಸಾಲ್ಮೊನೆಲ್ಲಾದಿಂದ ಶುರುವಾಗುತ್ತದೆ. ಬ್ರೂಸೆಲ್ಲಾ ಎಲ್ಲೋ ಕೊನೆಯ ಸಾಲಿನಲ್ಲಿ ಬರುತ್ತದೆ. ವಿಜಯಪುರದ, ಅದೇ ಜಿಲ್ಲೆಯ ತಿಕೋಟಾ, ಬಬಲೇಶ್ವರದ ಅಡುಗೆಮನೆಯಲ್ಲಿ ನಿಂತು ನೋಡಿದರೆ ಆ ಪಟ್ಟಿಯ ಕ್ರಮವೇ ಬದಲಾಗುತ್ತದೆ. ಇಲ್ಲಿ ಜೀವಿಗಳನ್ನು ಹೆಸರಿನಿಂದ ಹುಡುಕುವ ಬದಲು ಎರಡು ಪ್ರಶ್ನೆ ಕೇಳುವುದು ಲೇಸು. ಈ ಊಟಕ್ಕೆ ನೀರು ಎಲ್ಲಿಂದ ಬಂತು? ಬೆಂದ ಮೇಲೆ ಅದು ಎಷ್ಟು ಹೊತ್ತು ಕಾದು ಕೂತಿತ್ತು?

ಮೊದಲು ನೀರಿನ ಲೆಕ್ಕ. ಆಹಾರದೊಳಗೆ ಒಟ್ಟು ಎಷ್ಟು ನೀರಿದೆ ಎನ್ನುವುದಕ್ಕಿಂತ ಅದರಲ್ಲಿ ಜೀವಿಯ ಕೈಗೆ ಸಿಗುವುದು ಎಷ್ಟು ಎನ್ನುವುದು ಮುಖ್ಯ. ವಿಜ್ಞಾನಿಗಳು ಅದನ್ನು ಸೊನ್ನೆಯಿಂದ ಒಂದರವರೆಗಿನ ಅಂಕಿಯಲ್ಲಿ ಅಳೆಯುತ್ತಾರೆ. ಶುದ್ಧ ನೀರಿನ ಅಂಕಿ 1. ರೋಗ ತರುವ ಬಹುತೇಕ ಬ್ಯಾಕ್ಟೀರಿಯಾಗಳು 0.91ಕ್ಕಿಂತ ಕೆಳಗೆ ಬೆಳೆಯಲಾರವು. ಉಪ್ಪಿಗೂ ಜಗ್ಗದ ಸ್ಟಫೈಲೋಕಾಕಸ್ ಸುಮಾರು 0.86ರವರೆಗೆ ಹೆಣಗುತ್ತದೆ. ಬೂಷ್ಟುಗಳು ಇನ್ನೂ ಗಟ್ಟಿ, 0.70ರ ಆಸುಪಾಸಿನಲ್ಲೂ ಕೆಲವು ಬದುಕುತ್ತವೆ. 0.60ರ ಕೆಳಗೆ ಯಾವ ಜೀವಿಯೂ ಹೆಚ್ಚಲಾರದು. ಕಡಕ್ ರೊಟ್ಟಿ ಇರುವುದು ಅಲ್ಲಿ. ಬೆಲ್ಲ, ಉಪ್ಪುಗಳು ನೀರನ್ನು ತಮ್ಮ ಕಡೆ ಕಟ್ಟಿಹಾಕುವುದರಿಂದ ಮಾದಲಿ, ಉಪ್ಪಿನಕಾಯಿಗಳೂ ಬಾಳುತ್ತವೆ.

ಒಣಗಿಸಿದರೆ ಜೀವಿ ಹೆಚ್ಚುವುದು ನಿಲ್ಲುತ್ತದೆ, ಆದರೆ ಸಾಯುತ್ತದೆ ಎಂದೇನಿಲ್ಲ. ಅಮೆರಿಕದಲ್ಲಿ 2008-09ರಲ್ಲಿ ಶೇಂಗಾ ಬೆಣ್ಣೆಯಲ್ಲಿ ಸುಮ್ಮನೆ ಕೂತಿದ್ದ ಸಾಲ್ಮೊನೆಲ್ಲಾ 700ಕ್ಕೂ ಹೆಚ್ಚು ಜನರನ್ನು ಮಲಗಿಸಿ ಒಂಬತ್ತು ಜನರ ಜೀವ ತೆಗೆಯಿತು. ಆ ಶೇಂಗಾ ಬೆಣ್ಣೆಯಲ್ಲಿ ಅದು ಒಂದಕ್ಕೆರಡು ಆಗಿರಲಾರದು, ಬರೀ ಬದುಕಿಕೊಂಡಿತ್ತು. ನಮ್ಮ ಹಿಂಡಿಗೆ ಶೇಂಗಾ ಹುರಿಯುತ್ತಾರೆ, ಆ ಮಟ್ಟಿಗೆ ಕ್ಷೇಮ. ಹುರಿದ ಮೇಲೆ ಒದ್ದೆ ಕೈ, ಒದ್ದೆ ಚಮಚ ಬಿದ್ದರೆ ಆ ಕ್ಷೇಮ ಹೋಯಿತು. ಹಿಂಡಿಯ ಡಬ್ಬಿಗೆ ಹಸಿ ಕೈ ಹಾಕಬೇಡ ಎಂದು ಅಜ್ಜಿ ಬೈಯುತ್ತಿದ್ದುದರಲ್ಲಿ ಪೂರ್ತಿ ವಿಜ್ಞಾನವಿತ್ತು.

ನಮ್ಮಲ್ಲಿ ತಂಗಳು ಪರೀಕ್ಷೆಯ ಸಾಧನ ಮೂಗು. ಮೂಸಿ ನೋಡಿ, ಹಳಸಿಲ್ಲ ಎಂದರೆ ಉಣ್ಣುತ್ತೇವೆ. ಇದು ಅರ್ಧ ಮಾತ್ರ ಸರಿ. ಆಹಾರ ಹಳಸುವಂತೆ ಮಾಡುವ ಜೀವಿಗಳು ಒಂದು ಗುಂಪು. ನಾರುವುದು, ಹುಳಿಯಾಗುವುದು, ಲೋಳೆ ಬರುವುದು ಅವುಗಳ ಕೆಲಸ. ಮನುಷ್ಯನಿಗೆ ಕಾಯಿಲೆ ತರುವವು ಬಹುಮಟ್ಟಿಗೆ ಬೇರೆಯೇ ಗುಂಪು. ಸಾಲ್ಮೊನೆಲ್ಲಾ ಇರುವ ಸಾರು ಒಳ್ಳೆಯ ಸಾರಿನ ಹಾಗೆಯೇ ಘಮಘಮಿಸುತ್ತದೆ. ಊಟ ಕೊಡುವ ಮೊದಲು ಒಬ್ಬರು ರುಚಿ ನೋಡುವ ಪದ್ಧತಿಯ ಮಿತಿಯೂ ಇದೇ. ಶಾಲೆಯ ಬಿಸಿಯೂಟದ ಅಕ್ಷರ ದಾಸೋಹ ಯೋಜನೆ 2002ರಲ್ಲಿ ರಾಜ್ಯದಲ್ಲಿ ಮೊದಲು ಶುರುವಾದ ಜಿಲ್ಲೆಗಳಲ್ಲಿ ವಿಜಯಪುರವೂ ಒಂದು; ಆ ಊಟವನ್ನು ಮಕ್ಕಳಿಗಿಂತ ಮೊದಲು ದೊಡ್ಡವರು ಉಂಡು ನೋಡಬೇಕೆಂಬ ನಿಯಮ ಬಂತು. ಎಣ್ಣೆಯಲ್ಲಿ ಕೀಟನಾಶಕ ಬೆರೆತಿದ್ದರೆ, ಬೇಳೆ ಹಳಸಿದ್ದರೆ ಅದು ಸಿಕ್ಕಿಬೀಳುತ್ತದೆ. ಆದರೆ ಅತಿ ಚುರುಕಿನ ಬ್ಯಾಕ್ಟೀರಿಯಾ ವಿಷಕ್ಕೂ ತನ್ನ ಕೆಲಸ ತೋರಿಸಲು ಅರ್ಧ-ಒಂದು ತಾಸು ಬೇಕು. ಅಷ್ಟರಲ್ಲಿ ಪಂಕ್ತಿ ಎದ್ದು ಕೈ ತೊಳೆದಿರುತ್ತದೆ.

ಇನ್ನು ಹೊತ್ತಿನ ಲೆಕ್ಕ. ಅನುಕೂಲದ ಶಾಖದಲ್ಲಿ ಇ. ಕೋಲಿಯಂಥ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಎರಡಾಗಬಲ್ಲದು. ಒಂದೇ ಒಂದು ಜೀವಿ ಏಳು ತಾಸಿನಲ್ಲಿ ಇಪ್ಪತ್ತೊಂದು ಸಲ ಇಮ್ಮಡಿಯಾಗಿ ಇಪ್ಪತ್ತು ಲಕ್ಷ ದಾಟುತ್ತದೆ. 5ರಿಂದ 60 ಡಿಗ್ರಿಯ ನಡುವಿನ ಶಾಖ ಅಪಾಯದ ವಲಯ ಎಂದು ಆಹಾರ ಸುರಕ್ಷತೆಯವರು ಹೇಳುತ್ತಾರೆ. ಪ್ರಯೋಗಾಲಯದಲ್ಲಿ ಇವನ್ನು ಬೆಳೆಸಲು 37 ಡಿಗ್ರಿಯ ಯಂತ್ರ ಇಟ್ಟಿರುತ್ತಾರೆ. ಏಪ್ರಿಲ್ ತಿಂಗಳಲ್ಲಿ ವಿಜಯಪುರದ ಯಾವ ಅಡುಗೆಮನೆಯ ಮೂಲೆಯಾದರೂ ಆ ಶಾಖವನ್ನು ಪುಕ್ಕಟೆ ಒದಗಿಸುತ್ತದೆ.

ಸಂಜೆ ಗಾಡಿಗಳ ಎಗ್ ರೈಸ್ ನೋಡಿ. ಅನ್ನ ಮಧ್ಯಾಹ್ನವೇ ಬೆಂದಿರುತ್ತದೆ. ಬಿಸಿ ಅನ್ನ ಮುದ್ದೆಯಾಗುತ್ತದೆಂದು ಹರವಿ ಆರಿಸಿ, ಬಟ್ಟೆ ಮುಚ್ಚಿ, ರಾತ್ರಿ ಹನ್ನೊಂದರವರೆಗೆ ಅದನ್ನೇ ಬಾಣಲೆಗೆ ಹಾಕಿ ಹುರಿಯುತ್ತಾರೆ. ಅಕ್ಕಿಯಲ್ಲಿ ಸಹಜವಾಗಿಯೇ ಇರುವ ಬ್ಯಾಸಿಲಸ್ ಸೀರಿಯಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾಕ್ಕೆ ಗಟ್ಟಿ ಕವಚದ ಬೀಜಕಣವಿದೆ. ಅನ್ನ ಕುದಿದಾಗ ಬೇರೆಲ್ಲ ಸತ್ತು, ಬೀಜಕಣ ಮಾತ್ರ ಉಳಿಯುತ್ತದೆ. ಆರಿದ ಅನ್ನದಲ್ಲಿ ಅದು ಚಿಗುರಿ, ಹೆಚ್ಚಿ, ಸೀರ್ಯುಲೈಡ್ ಎಂಬ ವಿಷ ಬಿಡುತ್ತದೆ. ಈ ವಿಷ 121 ಡಿಗ್ರಿಯಲ್ಲಿ ತೊಂಬತ್ತು ನಿಮಿಷ ಇಟ್ಟರೂ ಜಗ್ಗದು. ಗಾಡಿಯವನ ದೊಡ್ಡ ಉರಿ ಅದಕ್ಕೆ ಲೆಕ್ಕಕ್ಕಿಲ್ಲ. ತಿಂದ ಒಂದರಿಂದ ಆರು ತಾಸಿನೊಳಗೆ ವಾಂತಿ. ಬ್ರಿಟನ್ನಿನಲ್ಲಿ 1971ರಿಂದ ಚೀನೀ ಹೋಟೆಲುಗಳ ಫ್ರೈಡ್ ರೈಸಿನಿಂದ ಇಂಥ ಪ್ರಕರಣಗಳು ಸಾಲಾಗಿ ಬಂದಾಗ ಪತ್ತೆಯಾದ ಕಾರಣವೂ ಇದೇ ಆರಿಸಿಟ್ಟ ಅನ್ನ. ಗಾಡಿ ಕೊಳಕು ಎಂದು ಮೂಗು ಮುರಿಯುವುದರಿಂದ ಇಲ್ಲಿ ಏನೂ ಸಾಧಿಸುವುದಿಲ್ಲ. ಫಳಫಳ ಹೊಳೆಯುವ ಅಡುಗೆಮನೆಯಲ್ಲೂ ಆರಿಸಿಟ್ಟ ಅನ್ನ ಇದೇ ಕೆಲಸ ಮಾಡುತ್ತದೆ.

ಸ್ಟಫೈಲೋಕಾಕಸ್ ಆರಿಯಸ್ ಇನ್ನೊಂದು ವಾಂತಿಯ ಜೀವಿ. ಅದರ ಮನೆ ಮನುಷ್ಯನ ಮೂಗು, ಚರ್ಮ, ಕುರು, ಗಾಯ. ಖವಾ ತಿಕ್ಕುವ, ಪೇಡೆ ಕಟ್ಟುವ, ಬಾಸುಂದಿ ಬಡಿಸುವ ಕೈಯ ಬೆರಳಿಗೆ ಕೀವಿನ ಗಾಯವಿದ್ದರೆ ಸಾಕು. ಇದರ ವಿಷವೂ ಕುದಿಸಿದರೆ ಹೋಗುವುದಿಲ್ಲ. ಇಂಥ ವಿಷದ ಕೆಲಸವನ್ನು ತನ್ನ ಹೊಟ್ಟೆಯ ಮೇಲೆಯೇ ಪರೀಕ್ಷಿಸಿ 1914ರಲ್ಲಿ ಬರೆದವನು ಫಿಲಿಪೀನ್ಸಿನಲ್ಲಿದ್ದ ಬಾರ್ಬರ್ ಎಂಬ ಅಮೆರಿಕನ್. ಒಂದು ಆಕಳ ಹಾಲನ್ನು ಬೆಚ್ಚಗಿನ ಜಾಗದಲ್ಲಿ ಇಟ್ಟು ಕುಡಿದರೆ ತಾಸೆರಡು ತಾಸಿನಲ್ಲಿ ಕಾಯಿಲೆ, ಕರೆದ ಕೂಡಲೇ ಕುಡಿದರೆ ಏನೂ ಇಲ್ಲ. ಅಪರಾಧಿ ಆಕಳಿಗಿಂತ ಹೆಚ್ಚಾಗಿ ಕಳೆದ ಹೊತ್ತು ಎಂದು ಅವನು ತೋರಿಸಿದ.

ಮದುವೆ, ಬೀಗರ ಊಟ, ದೊಡ್ಡ ದಾಸೋಹಗಳ ಜೀವಿ ಬೇರೆ: ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್. ಗಾಳಿ ಕಂಡರೆ ಆಗದ ಜೀವಿ ಇದು. ದೊಡ್ಡ ಹಂಡೆಯಲ್ಲಿ ಮಟನ್ ಸಾರೋ ಗಟ್ಟಿ ಬೇಳೆಯೋ ಕುದಿಯುವಾಗ ಅದರೊಳಗಿನ ಗಾಳಿ ಹೊರಹೋಗುತ್ತದೆ, ಎದುರಾಳಿ ಜೀವಿಗಳು ಸಾಯುತ್ತವೆ, ಇದರ ಬೀಜಕಣಗಳು ಮಾತ್ರ ಬೆಚ್ಚಗಾಗಿ ಎಚ್ಚರಗೊಳ್ಳುತ್ತವೆ. ಐವತ್ತು ಲೀಟರಿನ ಹಂಡೆಯ ನಡುಭಾಗ ಆರಲು ರಾತ್ರಿಯಿಡೀ ಬೇಕು. 43ರಿಂದ 46 ಡಿಗ್ರಿಯಲ್ಲಿ ಇದು ಹತ್ತು ನಿಮಿಷಕ್ಕೂ ಮೊದಲೇ ಎರಡಾಗುತ್ತದೆ, ಆಹಾರ ಜೀವಿಗಳಲ್ಲಿ ಇದರಷ್ಟು ಅವಸರದ್ದು ಮತ್ತೊಂದಿಲ್ಲ. ರಾತ್ರಿ ಉಂಡವರಿಗೆ ಬೆಳಗಿನ ಜಾವ ಹೊಟ್ಟೆ ಹಿಂಡಿ ಭೇದಿ; ಜ್ವರವಿಲ್ಲ, ವಾಂತಿ ಕಡಿಮೆ, ಒಂದು ದಿನದಲ್ಲಿ ಇಳಿಯುತ್ತದೆ. ಇದರ ವಿಷ ತಯಾರಾಗುವುದು ಹಂಡೆಯಲ್ಲಲ್ಲ, ಉಂಡವರ ಕರುಳಿನಲ್ಲಿ. ಹಾಗಾಗಿ ಬಡಿಸುವ ಮೊದಲು ಸಾರನ್ನು ಮತ್ತೆ ಮರಳುವಂತೆ ಕುದಿಸಿದರೆ ಉಂಡವರು ಬಚಾವಾಗುತ್ತಾರೆ. ಎಗ್ ರೈಸಿಗೆ, ಪೇಡೆಗೆ ಈ ಮದ್ದು ನಡೆಯುವುದಿಲ್ಲ, ಸಾರಿಗೆ ನಡೆಯುತ್ತದೆ. ‘ಬಿಸಿ ಮಾಡಿದರೆ ಎಲ್ಲ ಸರಿ’ ಎನ್ನುವ ಮಾತು ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ತಿಳಿಯುವುದು ಅಡುಗೆಯವರಿಗೆ ಸೂಕ್ಷ್ಮಜೀವಿಗಳ ಹೆಸರು ತಿಳಿಯುವುದಕ್ಕಿಂತ ಹೆಚ್ಚು ಉಪಯೋಗದ್ದು. ಉಳಿದ ಸಾರನ್ನು ಅಗಲವಾದ ಪರಾತಗಳಿಗೆ ತೆಳ್ಳಗೆ ಸುರಿದು ಬೇಗ ಆರಿಸುವುದು ಎರಡನೆಯ ಉಪಾಯ.

ಕಾಯಿಲೆ ಬಿದ್ದವರೆಲ್ಲ ಕೊನೆಯ ಊಟದ ಮೇಲೆ ಗೂಬೆ ಕೂರಿಸುತ್ತಾರೆ. ತಾಸಿನ ಲೆಕ್ಕ ತಿಳಿದವರು ಹಾಗೆ ಮಾಡುವುದಿಲ್ಲ. ಆರು ತಾಸಿನೊಳಗೆ ವಾಂತಿಯಾದರೆ ವಿಷ ಆಹಾರದಲ್ಲೇ ತಯಾರಾಗಿತ್ತು. ಎಂಟರಿಂದ ಹದಿನಾರು ತಾಸಿಗೆ ಬರೀ ಭೇದಿಯಾದರೆ ಬೀಜಕಣದ ಜೀವಿಗಳನ್ನು ಶಂಕಿಸಬೇಕು. ಜ್ವರ ಕೂಡಿದ ಭೇದಿ ಅರ್ಧ ದಿನದಿಂದ ಮೂರು ದಿನಕ್ಕೆ ಬಂದರೆ ಸಾಲ್ಮೊನೆಲ್ಲಾ, ಶಿಗೆಲ್ಲಾ. ಎರಡರಿಂದ ಐದು ದಿನಕ್ಕಾದರೆ ಕ್ಯಾಂಪಿಲೋಬ್ಯಾಕ್ಟರ್. ವಿಷಮಶೀತ ಜ್ವರಕ್ಕೆ ಒಂದರಿಂದ ಮೂರು ವಾರ. ಕಾಮಾಲೆಯ ಹೆಪಟೈಟಿಸ್ ಎ ವೈರಸ್ಸಿಗೆ ಸುಮಾರು ನಾಲ್ಕು ವಾರ. ಇಂದು ಕಣ್ಣು ಹಳದಿಯಾದವನು ಕಳೆದ ತಿಂಗಳ ಜಾತ್ರೆಯಲ್ಲಿ ಕುಡಿದ ಶರಬತ್ತನ್ನು ನೆನಪಿಸಿಕೊಳ್ಳಬೇಕು.

ಶರಬತ್ತೆಂದರೆ ನೀರು. ಮೊದಲ ಪ್ರಶ್ನೆ ಇಲ್ಲಿ ಮರಳುತ್ತದೆ. ಒಣ ನಾಡಿನ ಮನುಷ್ಯ ನೀರನ್ನು ದೂರದಿಂದ ತರುತ್ತಾನೆ, ತುಂಬಿಡುತ್ತಾನೆ, ಒಂದೇ ಕೊಡಕ್ಕೆ ಹತ್ತು ಕೈ ಅದ್ದುತ್ತವೆ. ಆದಿಲ್‌ಶಾಹಿಗಳು ತೊರವಿಯ ಕಡೆಯಿಂದ, 1651ರ ಬೇಗಂ ತಲಾಬಿನಿಂದ ಮಣ್ಣಿನ ಕೊಳವೆಗಳಲ್ಲಿ ಬಿಜಾಪುರ (ಇಂದಿನ ವಿಜಯಪುರ) ನಗರಕ್ಕೆ ನೀರು ತಂದರು. ದಾರಿಯಲ್ಲಿ ಗಂಜ್ ಎಂಬ ಗೋಪುರಗಳನ್ನು ಕಟ್ಟಿ ಒತ್ತಡ ಇಳಿಸಿ, ಕೆಸರು ತಳಕ್ಕೆ ಕೂರುವಂತೆ ಮಾಡಿದರು. ಸೊಗಸಾದ ಎಂಜಿನಿಯರಿಂಗ್. ಆದರೆ ತಿಳಿ ನೀರೆಲ್ಲ ಶುದ್ಧ ನೀರಲ್ಲ ಎನ್ನುವುದು ಗೊತ್ತಾಗಲು 19ನೆಯ ಶತಮಾನ ಬೇಕಾಯಿತು. ಕಾಲರಾದ ಬಾಗಿದ ಬ್ಯಾಕ್ಟೀರಿಯಾವನ್ನು ರಾಬರ್ಟ್ ಕಾಕ್ 1884ರಲ್ಲಿ ಗುರುತಿಸಿದ್ದು ಕಲಕತ್ತೆಯಲ್ಲಿ. ಅದು ಕರುಳಿನಲ್ಲಿ ಬಿಡುವ ವಿಷವನ್ನು 1959ರಲ್ಲಿ ತೋರಿಸಿದ ಶಂಭುನಾಥ ಡೇ ಅವರೂ ಅದೇ ಊರಿನಲ್ಲಿ ದುಡಿದವರು. ಕಾಕ್‌ನ ಕಾಲಕ್ಕೆ ಬಾಂಬೆ ಪ್ರಾಂತ್ಯದಲ್ಲಿದ್ದ ಬಿಜಾಪುರಕ್ಕೆ ಪಂಢರಪುರ ದೂರವಲ್ಲ, ಮತ್ತು ಆ ಕಾಲದಲ್ಲಿ ಯಾತ್ರೆಯ ದಾರಿಯೆಂದರೆ ಕಾಲರಾದ ದಾರಿ. ಇಂದು ಕಾಲರಾದಲ್ಲಿ ಜೀವ ಉಳಿಯುವುದು ಬಹುಮಟ್ಟಿಗೆ ಉಪ್ಪು-ಸಕ್ಕರೆಯ ನೀರಿನಿಂದ. 1971ರ ಬಾಂಗ್ಲಾ ನಿರಾಶ್ರಿತರ ಶಿಬಿರದಲ್ಲಿ ಡಾ. ದಿಲೀಪ್ ಮಹಾಲನಬಿಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಕೊಟ್ಟು ಸಾಧಿಸಿದರು.

ಈಗ ಕೃಷ್ಣೆಯ ನೀರು ಕೊಳವೆಯಲ್ಲಿ ಬರುತ್ತದೆ. ತಿಕೋಟಾ, ಬಬಲೇಶ್ವರ ಸೀಮೆಗೆ ತುಬಚಿ-ಬಬಲೇಶ್ವರ ಏತ ನೀರಾವರಿ ಬಂದಿದೆ. ಆದರೂ ಬೇಸಿಗೆಯ ಟ್ಯಾಂಕರ್ ಪೂರಾ ಮರೆಯಾಗಿಲ್ಲ. ಯಾವ ಊರಿನಲ್ಲೇ ಆಗಲಿ, ನೀರು ಬಿಟ್ಟು ಬಿಟ್ಟು ಬರುವಾಗ ಖಾಲಿ ಕೊಳವೆಯ ಒಳಗೆ ಒತ್ತಡ ಇರುವುದಿಲ್ಲ. ಬಿರುಕಿನ ಪಕ್ಕದಲ್ಲಿ ಗಟಾರು ಇದ್ದರೆ ಅದರ ನೀರು ಒಳಗೆ ಸೇರುತ್ತದೆ. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನ 100 ಮಿಲಿಲೀಟರಿನಲ್ಲಿ ಇ. ಕೋಲಿ ಒಂದೂ ಕಾಣಬಾರದು, ನಲ್ಲಿಯ ತುದಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. 1885ರಲ್ಲಿ ಥಿಯೊಡೋರ್ ಎಷರಿಕ್ ಕಂಡ ಇ. ಕೋಲಿ ಬಹುಪಾಲು ನಮ್ಮ ಕರುಳಿನ ನಿರುಪದ್ರವಿ ಒಕ್ಕಲು. ನೀರಿನಲ್ಲಿ ಅದು ಕಂಡರೆ ಮಲ ಸೇರಿದೆ ಎಂದು ಅರ್ಥ, ಅದಕ್ಕೇ ಅದನ್ನು ಹುಡುಕುವುದು. ಅದರ ಕೆಲವು ತಳಿಗಳು ಮಾತ್ರ ಕೊಲೆಗಡುಕರು. ನೆರೆಯ ಪುಣೆಯಲ್ಲಿ 2025ರ ಜನವರಿ-ಫೆಬ್ರುವರಿಯಲ್ಲಿ 200ಕ್ಕೂ ಹೆಚ್ಚು ಜನರಲ್ಲಿ ಕೈಕಾಲು ಸೋಲುವ ಗಿಲಾನ್-ಬಾರೆ ಕಾಯಿಲೆ ಶಂಕಿಸಲಾಯಿತು. ಹಲವರ ಮಲದ ಮಾದರಿಯಲ್ಲಿ ಕ್ಯಾಂಪಿಲೋಬ್ಯಾಕ್ಟರ್ ಸಿಕ್ಕಿ, ಬೆರಳು ನೀರಿನ ಕಡೆಗೇ ತಿರುಗಿತು. ಹೊಟ್ಟೆಯ ರೋಗ ಹೊಟ್ಟೆಯಲ್ಲೇ ಮುಗಿಯುತ್ತದೆ ಎನ್ನುವಂತಿಲ್ಲ.

ನಮ್ಮ ಊಟದಲ್ಲಿ ಹಸಿಯಾಗಿ ಬಾಯಿಗೆ ಹೋಗುವುದೇನು? ರೊಟ್ಟಿಯ ಜೋಡಿ ಮೆಂತೆಸೊಪ್ಪು, ಉಳ್ಳಾಗಡ್ಡಿಯ ತಪ್ಪಲು, ಮೂಲಂಗಿ, ಗಜ್ಜರಿ, ಸವತಿಕಾಯಿ, ಪಚಡಿ. ಊಟದ ಅತ್ಯಂತ ಆರೋಗ್ಯಕರ ಭಾಗವೆಂದು ನಾವು ಹೆಮ್ಮೆಪಡುವುದೂ ಇದೇ, ಮತ್ತು ಹೆಮ್ಮೆ ಸುಳ್ಳಲ್ಲ. ಗಟಾರಿನ ನೀರು ಹಾಯಿಸಿದ ಹೊಲದ ಸೊಪ್ಪಾದರೆ ಮಾತ್ರ ಕತೆ ಬೇರೆ. ಜರ್ಮನಿಯಲ್ಲಿ 2011ರಲ್ಲಿ ಇ. ಕೋಲಿಯ ಒಂದು ಉಗ್ರ ತಳಿ ಸುಮಾರು ನಾಲ್ಕು ಸಾವಿರ ಜನರಿಗೆ ಹತ್ತಿ, ಐವತ್ತಕ್ಕೂ ಹೆಚ್ಚು ಜನ ಸತ್ತರು. ಮೊದಲು ಸವತಿಕಾಯಿಯ ಮೇಲೆ ಅಪವಾದ ಬಂತು. ಕೊನೆಗೆ ಬೆರಳು ತೋರಿಸಿದ್ದು ಈಜಿಪ್ಟಿನಿಂದ ಹೋಗಿದ್ದ ಮೆಂತೆಕಾಳಿನ ಹಸಿ ಮೊಳಕೆಯನ್ನು. ಮೊಳಕೆ ಬರಿಸುವುದೆಂದರೆ ಕಾಳಿಗೆ ಕೊಡುವ ಹಸಿ, ಬಿಸುಪು, ಹೊತ್ತುಗಳನ್ನು ಬ್ಯಾಕ್ಟೀರಿಯಾಕ್ಕೂ ಕೊಡುವುದೇ. ನಾವು ಮಡಿಕೆಕಾಳಿನ, ಹೆಸರುಕಾಳಿನ ಮೊಳಕೆಯನ್ನು ಬೇಯಿಸಿ ಉಸುಳಿ ಮಾಡುತ್ತೇವೆ, ಅದೇ ನಮ್ಮನ್ನು ಕಾಯ್ದಿದೆ. ಈಗಿನ ‘ಸ್ಪ್ರೌಟ್ಸ್’ ಶೋಕಿ ಬೇಯಿಸುವುದನ್ನು ಬಿಟ್ಟಿದೆ. ಪಚಡಿಯ ಮೇಲೆ ಇಂಡಿ ತಾಲ್ಲೂಕಿನ ಲಿಂಬೆ ಹಿಂಡಿದರಾಯಿತು ಎನ್ನುವವರಿದ್ದಾರೆ. ಕಾಲರಾ ಬ್ಯಾಕ್ಟೀರಿಯಾಕ್ಕೆ ಹುಳಿ ಆಗಿಬರುವುದಿಲ್ಲ, ಅದರ ವಿರುದ್ಧ ಲಿಂಬೆರಸ ನಿಜವಾಗಿಯೂ ಒಂದಿಷ್ಟು ಕೆಲಸ ಮಾಡುತ್ತದೆ. ಶಿಗೆಲ್ಲಾ ಹಾಗಲ್ಲ. ಹೊಟ್ಟೆಯ ಆಮ್ಲವನ್ನೇ ದಾಟಿ ಹೋಗುವ ಅದು, ಹತ್ತರಿಂದ ನೂರು ಜೀವಿಗಳಷ್ಟೇ ಸೇರಿದರೂ ರಕ್ತಭೇದಿ ತರಬಲ್ಲದು.

ಶಿಗೆಲ್ಲಾದ ಹೆಸರು ಕನ್ನಡಿಗರ ಮನೆಗಳಲ್ಲಿ ಕೇಳಿಬಂದದ್ದು ಕಾಸರಗೋಡು ಜಿಲ್ಲೆಯಿಂದ. ಚೆರುವತ್ತೂರಿನಲ್ಲಿ ಶವರ್ಮಾ ತಿಂದ 16 ವರ್ಷದ ವಿದ್ಯಾರ್ಥಿನಿ 2022ರ ಮೇ 1ರಂದು ತೀರಿಕೊಂಡಳು. ಹಲವರು ಆಸ್ಪತ್ರೆ ಸೇರಿದರು. ಪರೀಕ್ಷೆಯಲ್ಲಿ ಶಿಗೆಲ್ಲಾ ಖಚಿತವಾಯಿತು. ಕಂಬಿಗೆ ಚುಚ್ಚಿದ ಕೋಳಿ ಹೊರಗೆ ಬೆಂದು ಒಳಗೆ ಹಸಿಯಾಗಿ ಉಳಿಯುವುದು ಒಂದು ಸಮಸ್ಯೆ, ಜೊತೆಗೆ ಕೊಡುವ ಹಸಿ ಮೊಟ್ಟೆಯ ಮೆಯೊನೇಸ್ ಇನ್ನೊಂದು. ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಆ ಮೆಯೊನೇಸನ್ನು ನಿಷೇಧಿಸಿದವು. ಕಾರಣ ಮೊಟ್ಟೆಯ ಸಾಲ್ಮೊನೆಲ್ಲಾ. ಅದೇ ಕುಲದ ಸಾಲ್ಮೊನೆಲ್ಲಾ ಟೈಫಿ ಮಾತ್ರ ಕೋಳಿಯಿಂದ ಬರುವುದಿಲ್ಲ, ಮನುಷ್ಯನಿಂದ ಮನುಷ್ಯನಿಗಷ್ಟೇ. ನ್ಯೂಯಾರ್ಕಿನ ಅಡುಗೆಯಾಕೆ ಮೇರಿ ಮ್ಯಾಲನ್ ತನಗೆ ಏನೂ ಆಗದೆ ಮನೆಮನೆಗೆ ಅದನ್ನು ಬಡಿಸಿದ ಕತೆ ಜಗತ್ತಿಗೇ ಗೊತ್ತು.

ಉಳಿದವನ್ನು ಬೇಗ ಹೇಳಿ ಮುಂದೆ ಹೋಗಬಹುದು. ಲಿಸ್ಟೀರಿಯಾ ಫ್ರಿಜ್ಜಿನ ಚಳಿಯಲ್ಲೂ ಬೆಳೆಯುವ ವಿಚಿತ್ರ ಜೀವಿ, ಗರ್ಭಿಣಿಯರಿಗೆ ಅಪಾಯ; ನಮ್ಮ ಬಿಸಿ ಊಟದಲ್ಲಿ ಅದಕ್ಕೆ ಜಾಗ ಕಡಿಮೆ. ಬಾಟ್ಯುಲಿಸಂ ಡಬ್ಬಿ ಆಹಾರದ ದೇಶಗಳ ರೋಗವೆಂದು ನಂಬಿದ್ದೆವು; 1996ರಲ್ಲಿ ಗುಜರಾತಿನ ವಸತಿ ಶಾಲೆಯೊಂದರ ಮಕ್ಕಳಿಗೆ ಸೇವಿನಿಂದ ಅಂಥದೇ ಪಾರ್ಶ್ವವಾಯು ಬಂದಿತ್ತು. ಬಾಟ್ಯುಲಿಸಂ ತರುವ ಜೀವಿಯ ಬೀಜಕಣ ಜೇನುತುಪ್ಪದಲ್ಲಿ ಇರಬಹುದಾದ್ದರಿಂದ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದು. ಮನೆಯ ಹಿರಿಯರಿಗೆ ಇದು ರುಚಿಸದ ಮಾತು, ಆದರೂ ಹೇಳಲೇಬೇಕು.

ಬೂಷ್ಟುಗಳಿಗೆ ಬಂದರೆ ಒಣ ನಾಡಿನ ಹೆಮ್ಮೆಗೆ ನಿಜವಾದ ಪರೀಕ್ಷೆ. ಇಲ್ಲಿಯ ಮಾಲದಂಡಿ ಹಿಂಗಾರಿ ಜೋಳ. ಮಳೆ ಹಿಂದೆ ಸರಿಯುವಾಗ ಬಿತ್ತಿ, ಚಳಿ-ಬಿಸಿಲಿನಲ್ಲಿ ತೆನೆ ಬಲಿಯುತ್ತದೆ. ಮುಂಗಾರಿ ಹೈಬ್ರಿಡ್ ಜೋಳದ ತೆನೆ ಬಲಿಯುವುದು ಮಳೆಯಲ್ಲಿ. ವ್ಯತ್ಯಾಸ ರುಚಿಯದಷ್ಟೇ ಅಲ್ಲ. ದಖ್ಖಣದ ಹಳ್ಳಿಗಳಲ್ಲಿ 1995ರ ಸುಮಾರಿಗೆ ಅಕಾಲ ಮಳೆಗೆ ನೆನೆದ ಜೋಳ, ಗೋವಿನಜೋಳ ತಿಂದವರಿಗೆ ಹೊಟ್ಟೆನೋವು, ಹೊಟ್ಟೆ ಗುಡುಗುಡು, ಭೇದಿ ಕಾಣಿಸಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ರಮೇಶ ಭಟ್ ಮತ್ತು ಸಂಗಡಿಗರು 50 ಹಳ್ಳಿ ನೋಡಿದಾಗ 27ರಲ್ಲಿ ಈ ಕಾಯಿಲೆ ಸಿಕ್ಕಿತು, ಅದೂ ಬೂಷ್ಟು ಹಿಡಿದ ಕಾಳಿನ ರೊಟ್ಟಿ ತಿಂದ ಮನೆಗಳಲ್ಲಿ ಮಾತ್ರ. ಕಾರಣ ಫ್ಯುಸೇರಿಯಂ ಬೂಷ್ಟು ಬಿಡುವ ಫ್ಯುಮೋನಿಸಿನ್ ವಿಷ. ಆ ಕಾಳನ್ನು ಮರಿಹುಂಜಗಳಿಗೆ ತಿನ್ನಿಸಿದರೆ ಅವಕ್ಕೂ ಭೇದಿ. ಕಾಳು ಬಿಟ್ಟ ಮೇಲೆ ಜನ ಗುಣವಾದರು. ರೊಟ್ಟಿಯನ್ನು ಎಷ್ಟು ಬೇಯಿಸಿದರೂ ಪ್ರಯೋಜನವಿರಲಿಲ್ಲ. ಬೂಷ್ಟು ಸತ್ತರೂ ಅದರ ವಿಷ ತವೆಯ ಶಾಖಕ್ಕೆ ಜಗ್ಗುವುದಿಲ್ಲ. ಇಲ್ಲಿ ಕೆಟ್ಟದ್ದು ಹೊಲದಲ್ಲೇ, ಅಡುಗೆಮನೆ ಏನೂ ಮಾಡುವಂತಿರಲಿಲ್ಲ.

ಹಿಂದೆ ಈ ಸೀಮೆಯಲ್ಲಿ ಜೋಳ ತುಂಬಿಡುತ್ತಿದ್ದ ಹಗೇವುಗಳೂ ಸೂಕ್ಷ್ಮಜೀವಿಗಳ ಪಾಠಶಾಲೆಯೇ. ನೆಲದೊಳಗಿನ ಆ ಗುಂಡಿಗೆ ಹುಲ್ಲು ಹೊದಿಸಿ, ಕಾಳು ಸುರಿದು, ಮಣ್ಣಿನಿಂದ ಬಾಯಿ ಮುಚ್ಚಿದರೆ ಕಾಳು, ಹುಳು, ಬೂಷ್ಟುಗಳ ಉಸಿರಾಟಕ್ಕೆ ಒಳಗಿನ ಆಮ್ಲಜನಕ ತೀರಿ ಇಂಗಾಲದ ಡೈಆಕ್ಸೈಡ್ ತುಂಬುತ್ತದೆ. ಹುಳುಗಳು ಅದರಲ್ಲೇ ಸಾಯುತ್ತವೆ. ಬಾಯಿ ತೆಗೆದ ಕೂಡಲೇ ಇಳಿದ ಮನುಷ್ಯರೂ ಸತ್ತಿದ್ದಾರೆ. ಅದಕ್ಕೇ ಬಾಯಿ ತೆರೆದು ಬಿಟ್ಟು, ದೀಪ ಇಳಿಸಿ ನೋಡಿ, ಆಮೇಲೆ ಆಳು ಇಳಿಯಬೇಕೆಂಬ ಕಟ್ಟು.

ಶೇಂಗಾದ ಬೂಷ್ಟು ಆಸ್ಪರ್ಜಿಲ್ಲಸ್ ಫ್ಲೇವಸ್. ಇಂಗ್ಲೆಂಡಿನಲ್ಲಿ 1960ರಲ್ಲಿ ಟರ್ಕಿ ಕೋಳಿಗಳು ಸಾವಿರಗಟ್ಟಲೆ ಸತ್ತಾಗ ಬ್ರೆಜಿಲಿನಿಂದ ಮೇವಿಗೆಂದು ಬಂದ ಶೇಂಗಾ ಹಿಂಡಿಯಲ್ಲಿ ಸಿಕ್ಕ ಅಫ್ಲಾಟಾಕ್ಸಿನ್ ಯಕೃತ್ತಿನ ವಿಷ, ದೀರ್ಘಕಾಲದಲ್ಲಿ ಯಕೃತ್ತಿನ ಕ್ಯಾನ್ಸರಿಗೂ ಕಾರಣ. ಭಾರತದಲ್ಲೇ 1974ರಲ್ಲಿ ರಾಜಸ್ಥಾನ-ಗುಜರಾತ್ ಗಡಿಯ ಹಳ್ಳಿಗಳಲ್ಲಿ ಬೂಷ್ಟಿನ ಗೋವಿನಜೋಳ ತಿಂದು ನೂರಕ್ಕೂ ಹೆಚ್ಚು ಜನ ಸತ್ತರು. ಹಸಿರು-ಹಳದಿ ಬೂಷ್ಟಿನ, ಸುಕ್ಕಿದ, ಕಹಿಯಾದ ಶೇಂಗಾಬೀಜವನ್ನು ಆರಿಸಿ ಎಸೆಯುವ ನಮ್ಮ ಹೆಂಗಸರ ಮೊರದ ಕೆಲಸ ಸಣ್ಣದಲ್ಲ. ದುಃಖದ ಸಂಗತಿಯೆಂದರೆ, ಹಾಗೆ ಆರಿಸಿ ತೆಗೆದದ್ದು ಎಷ್ಟೋ ಸಲ ದನದ ಮುಂದೆ ಬೀಳುತ್ತದೆ. ಅಲ್ಲಿಂದ ವಿಷ ರೂಪ ಬದಲಿಸಿ ಹಾಲಿಗೆ ಬರುತ್ತದೆ. ಸಜ್ಜೆಯಲ್ಲಿ ಕಾಡುವ ಎರ್ಗಾಟ್ ಬೂಷ್ಟಿಗೆ ಮಾತ್ರ ಮನೆಯಲ್ಲೇ ಉಪಾಯವಿದೆ: ಗಟ್ಟಿ ಉಪ್ಪುನೀರಿಗೆ ಕಾಳು ಸುರಿದರೆ ಕರಿಯ ಕೆಟ್ಟ ಗಂಟುಗಳು ತೇಲುತ್ತವೆ.

ತಿಕೋಟಾ, ಬಬಲೇಶ್ವರದ ಒಣದ್ರಾಕ್ಷಿಯ ಶೆಡ್ಡುಗಳಲ್ಲಿ ಈ ನೀರಿನ ಲೆಕ್ಕವೇ ರೈತನ ಲಾಭ-ನಷ್ಟ. ಗೊಂಚಲನ್ನು ಪೊಟ್ಯಾಶ್ ಮತ್ತು ಡಿಪ್ಪಿಂಗ್ ಎಣ್ಣೆಯ ದ್ರಾವಣದಲ್ಲಿ ಅದ್ದಿ ಜಾಲರಿಗಳ ಮೇಲೆ ಹರವುತ್ತಾರೆ. ಸಿಪ್ಪೆಯ ಮೇಣ ಸಡಿಲಾಗಿ ಹದಿನೈದು-ಇಪ್ಪತ್ತು ದಿನದಲ್ಲಿ ನೀರಂಶ ಶೇಕಡ 15-16ಕ್ಕೆ ಇಳಿದರೆ, ಉಳಿದ ಸಕ್ಕರೆಯೇ ಕಾವಲುಗಾರ. ಮಾರ್ಚ್-ಏಪ್ರಿಲ್‌ನಲ್ಲಿ ಒಂದು ಅಡ್ಡಮಳೆ ಬಂದು ಮೂರು ದಿನ ಮೋಡ ನಿಂತರೆ ಬಣ್ಣ ಕಪ್ಪಾಗುತ್ತದೆ, ಬೂಷ್ಟು ಹತ್ತುತ್ತದೆ. ವ್ಯಾಪಾರಿ ಬಣ್ಣ ನೋಡಿ ದರ ಇಳಿಸುತ್ತಾನೆ. ಯುರೋಪಿಗೆ ಹೋಗುವ ಮಾಲಾದರೆ ಕಪ್ಪು ಆಸ್ಪರ್ಜಿಲ್ಲಸ್ ಬಿಡುವ ಓಕ್ರಟಾಕ್ಸಿನ್ ಕಿಲೋಗೆ 8 ಮೈಕ್ರೋಗ್ರಾಂ ಮೀರಬಾರದು. ರೈತನಿಗೆ ಕಾಣುವುದು ಬಣ್ಣ, ಪ್ರಯೋಗಾಲಯಕ್ಕೆ ಕಾಣುವುದು ವಿಷ. ಎರಡಕ್ಕೂ ಒಂದೇ ಮಳೆ ಕಾರಣ.

ಪಠ್ಯಪುಸ್ತಕದ ಕೊನೆಯ ಸಾಲಿನ ಬ್ರೂಸೆಲ್ಲಾ ಈ ಜಿಲ್ಲೆಯಲ್ಲಿ ಮೊದಲ ಸಾಲಿಗೆ ಬರುತ್ತದೆ, ಮತ್ತು ಅದನ್ನು ತೋರಿಸಿದವರು ಈ ಊರಿನವರೇ. ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿ ವಿಭಾಗದಲ್ಲಿ ಡಾ. ಬಿ.ಜಿ. ಮಂಟೂರ ಮತ್ತು ಸಹೋದ್ಯೋಗಿಗಳು ಕಾರಣ ತಿಳಿಯದ ಜ್ವರದ ರೋಗಿಗಳ ರಕ್ತವನ್ನು ವರ್ಷಗಟ್ಟಲೆ ಪರೀಕ್ಷಿಸಿದರು. 2004ರಲ್ಲಿ 93 ಮಕ್ಕಳ ವರದಿ, 2006ರಲ್ಲಿ ಹದಿನಾರು ವರ್ಷಗಳ ಅನುಭವದಿಂದ 495 ವಯಸ್ಕರ ವರದಿ ಅಂತರರಾಷ್ಟ್ರೀಯ ಪತ್ರಿಕೆಗಳಲ್ಲಿ ಬಂದವು. ಸಿಕ್ಕದ್ದು ಮುಖ್ಯವಾಗಿ ಬ್ರೂಸೆಲ್ಲಾ ಮೆಲಿಟೆನ್ಸಿಸ್, ಅಂದರೆ ಆಡು-ಕುರಿಗಳ ತಳಿ. ಹಸಿ ಆಡಿನ ಹಾಲು ಮತ್ತು ಕುರಿಗಾರಿಕೆ, ಇವೆರಡೇ ದೊಡ್ಡ ದಾರಿಗಳು. ಜಗತ್ತು ಇದನ್ನು ತಿಳಿದದ್ದು ಮಾಲ್ಟಾ ದ್ವೀಪದಲ್ಲಿ: 1887ರಲ್ಲಿ ಡೇವಿಡ್ ಬ್ರೂಸ್ ಸೈನಿಕರ ಗುಲ್ಮದಿಂದ ಜೀವಿಯನ್ನು ಬೇರ್ಪಡಿಸಿದರೆ, 1905ರಲ್ಲಿ ಥೆಮಿಸ್ಟೋಕ್ಲಿಸ್ ಝಮಿಟ್ ಅದನ್ನು ಆಡುಗಳಲ್ಲಿ ಪತ್ತೆಹಚ್ಚಿದ.

ಈ ಜೀವಿಯ ಗುಣ ಮೇಲೆ ಹೇಳಿದ ಯಾವುದನ್ನೂ ಹೋಲುವುದಿಲ್ಲ. ವಾಂತಿಯಿಲ್ಲ, ಭೇದಿಯಿಲ್ಲ. ಹಾಲು ಕುಡಿದ ವಾರಗಳ, ಕೆಲವೊಮ್ಮೆ ತಿಂಗಳುಗಳ ನಂತರ ಏರಿಳಿಯುವ ಜ್ವರ, ರಾತ್ರಿ ಬೆವರು, ಕೀಲುನೋವು, ಸೊಂಟನೋವು. ನಮ್ಮ ರಕ್ಷಕ ಬಿಳಿ ಕಣಗಳ ಒಳಗೇ ಅವಿತು ಬದುಕುವುದರಿಂದ ಒಂದು ವಾರದ ಮಾತ್ರೆಗೆ ಅದು ಬಗ್ಗುವುದಿಲ್ಲ. ಎರಡು ಔಷಧಿಗಳನ್ನು ಕೂಡಿಸಿ ಆರು ವಾರ ಕೊಡಬೇಕು. ವಿಡಾಲ್ ಪರೀಕ್ಷೆ ಮಾಡಿಸಿ ಟೈಫಾಯ್ಡ್ ಎಂದೋ, ಸೊರಗಿದ್ದು ನೋಡಿ ಕ್ಷಯವೆಂದೋ ಚಿಕಿತ್ಸೆ ಪಡೆದು ಅಲೆಯುವವರಿದ್ದಾರೆ. ರಕ್ತದಿಂದ ಬೆಳೆಸಿ ನೋಡಲು ದಿನಗಳಲ್ಲ, ವಾರಗಳೇ ಬೇಕಾಗಬಹುದು, ಪರೀಕ್ಷಿಸುವವರಿಗೇ ಅಂಟುವ ಅಪಾಯವೂ ಇದೆ. ಇಷ್ಟು ಹಟಮಾರಿಯಾದರೂ ಹಾಲಿನಲ್ಲಿ ಅದು ಬಲು ದುರ್ಬಲ: 63 ಡಿಗ್ರಿಯಲ್ಲಿ ಅರ್ಧ ತಾಸು, ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು, ಸಾಕು. ಒಂದು ಉಕ್ಕು ಕಾಯಿಸಿದ ಹಾಲಿನಲ್ಲಿ ಅದು ಇರುವುದಿಲ್ಲ. ಕಾಯಿಸಿದ ಹಾಲಿಗೆ ಹೆಪ್ಪು ಹಾಕುವ ನಮ್ಮ ಮನೆಗಳ ಮೊಸರು, ಮಜ್ಜಿಗೆಯಿಂದ ಈ ಭಯವಿಲ್ಲ. ಆಡಿನ ಹಾಲು ಹಸಿಯಾಗಿ ಕುಡಿದರೆ ಔಷಧಿ, ಮಕ್ಕಳಿಗೆ ಶಕ್ತಿ ಎನ್ನುವ ನಂಬಿಕೆ ಇರುವಲ್ಲಿ ಮಾತ್ರ ಅದು ಹಾಲಿನ ಮೂಲಕ ಒಳಗೆ ಬರುತ್ತದೆ.

ಹಾಲು ಕಾಯಿಸಿದರೂ ಕುರಿಗಾರನಿಗೆ ಬಿಡುಗಡೆಯಿಲ್ಲ. ಕಂದು ಹಾಕಿದ ಆಡಿನ ಮಾಸು ಎತ್ತುವಾಗ, ಮರಿ ಹೊರತೆಗೆಯುವಾಗ ಕೈಯ ಗಾಯದಿಂದಲೂ ಜೀವಿ ಒಳಗೆ ಹೋಗುತ್ತದೆ. ಆದ್ದರಿಂದ ಇದನ್ನು ತಡೆಯಬೇಕಾದದ್ದು ಹಟ್ಟಿಯಲ್ಲೇ, ಲಸಿಕೆಯಿಂದ. ಕೇಂದ್ರ ಸರ್ಕಾರ 2019ರ ಸೆಪ್ಟೆಂಬರಿನಲ್ಲಿ ರಾಷ್ಟ್ರೀಯ ಪಶುರೋಗ ನಿಯಂತ್ರಣ ಕಾರ್ಯಕ್ರಮ ಶುರು ಮಾಡಿದಾಗ ಬ್ರೂಸೆಲ್ಲಾ ಲಸಿಕೆ ಗೊತ್ತುಮಾಡಿದ್ದು ನಾಲ್ಕರಿಂದ ಎಂಟು ತಿಂಗಳ ಆಕಳು-ಎಮ್ಮೆಯ ಹೆಣ್ಣುಕರುಗಳಿಗೆ. ಆಡು-ಕುರಿಗಳಿಗಾಗಿಯೇ ರೆವ್-1 ಎಂಬ ಲಸಿಕೆ ಇದೆ, ಹಲವು ದೇಶಗಳು ದಶಕಗಳಿಂದ ಅದನ್ನು ಬಳಸುತ್ತಿವೆ. ವಿಜಯಪುರದ 495 ಜ್ವರಗಳ ಹಿಂದಿದ್ದ ತಳಿ ಆಡು-ಕುರಿಗಳದ್ದು. ಆ ಕಾರ್ಯಕ್ರಮದ ಬ್ರೂಸೆಲ್ಲಾ ಪಟ್ಟಿಯಲ್ಲಿ ಅವೆರಡೂ ಇರಲಿಲ್ಲ.